ಸ್ಮೃತಿಯೂ ರಸವೂ: ಒಂದು ಕಡಲತಡಿಯ ಕಾದಂಬರಿಯ ವಿಚಾರ

ಬಾಲ್ಯವನ್ನು ನೆನೆದು ಬರೆಯುವುದು ಸುಲಭವೆಂದು ತೋರುತ್ತದೆ. ವಸ್ತುವನ್ನು ಅರಸಬೇಕಾಗಿಲ್ಲ, ತಾಯಿಯಿದ್ದಾಳೆ, ತಂದೆಯಿದ್ದಾನೆ, ರಜೆಯ ದಿನಗಳಿವೆ, ಮನೆಯ ಹಿತ್ತಲಿದೆ. ಓದುವವನಿಗೂ ಇವೆಲ್ಲ ಇದ್ದುದರಿಂದ ಅವನ ಕಣ್ಣು ಒದ್ದೆಯಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದರೆ ಕಣ್ಣು ಒದ್ದೆಯಾದ ಮಾತ್ರಕ್ಕೆ ರಸೋತ್ಪತ್ತಿಯಾಯಿತೆಂದು ನಮ್ಮ ಆಲಂಕಾರಿಕರು ಒಪ್ಪಿದವರಲ್ಲ. ಸ್ಮೃತಿಯನ್ನು ಅವರು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದೆಂದು ಎಣಿಸಿದರೇ ಹೊರತು ಸ್ಥಾಯಿಯ ಪದವಿಯನ್ನು ಅದಕ್ಕೆ ಕೊಡಲಿಲ್ಲ. ಅದು ಬಂದು ಹೋಗತಕ್ಕದ್ದು, ಮತ್ತೊಂದನ್ನು ಪೋಷಿಸತಕ್ಕದ್ದು. ತಾನೇ ಸಿಂಹಾಸನವನ್ನೇರಿ ಕುಳಿತರೆ ಕಾವ್ಯವು ಸೊರಗುತ್ತದೆ. ನಮ್ಮ ಭಾಷೆಯಲ್ಲಿ ಬಾಲ್ಯಸ್ಮರಣೆಯ ಬರಹಗಳು ವಿಪುಲವಾಗಿ ಹೊರಬರುತ್ತಿರುವ ಈ ದಿನಗಳಲ್ಲಿ, ಹಿರಿಯರ ಈ ವಿವೇಕವನ್ನು ಒಂದು ಪರದೇಶದ ಗ್ರಂಥದ ಮೇಲೆ ಒರೆಹಚ್ಚಿ ನೋಡುವುದು ವ್ಯರ್ಥವಾಗಲಾರದೆಂದು ನಂಬಿದ್ದೇವೆ.

ಆ ಗ್ರಂಥವು ವರ್ಜೀನಿಯಾ ವುಲ್ಫ್ ಎಂಬ ಆಂಗ್ಲ ಲೇಖಕಿಯ ‘ಟು ದಿ ಲೈಟ್‌ಹೌಸ್’. ‘ದೀಪಸ್ತಂಭದ ಕಡೆಗೆ’ ಎಂದು ಹೆಸರನ್ನು ಕನ್ನಡಿಸಬಹುದು. ಅದು ಪ್ರಕಟವಾದುದು 1927ನೆಯ ಇಸವಿ ಮೇ 5ರಂದು. ಲೇಖಕಿಯ ತಾಯಿ ಜೂಲಿಯಾ ಸ್ಟೀಫನ್ ತೀರಿಕೊಂಡುದು 1895ನೆಯ ಇಸವಿಯ ಅದೇ ಮೇ 5ರಂದು. ಆಗ ಮಗಳಿಗೆ ಹದಿಮೂರು ವರ್ಷ. ತಂದೆ ಲೆಸ್ಲಿ ಸ್ಟೀಫನ್ ಇಂಗ್ಲೆಂಡಿನ ರಾಷ್ಟ್ರೀಯ ಚರಿತ್ರಕೋಶಕ್ಕೆ ಮೊದಲ ಸಂಪಾದಕರಾಗಿದ್ದ ಪಂಡಿತರು. 1882ರಿಂದ 1894ರವರೆಗೆ ಪ್ರತಿ ಬೇಸಗೆಯಲ್ಲಿಯೂ ಈ ಕುಟುಂಬವು ಲಂಡನ್ನನ್ನು ಬಿಟ್ಟು, ಕಾರ್ನ್‌ವಾಲ್ ಪ್ರಾಂತದ ಸೇಂಟ್ ಐವ್ಸ್ ಎಂಬ ಕಡಲೂರಿನ ಟಾಲೆಂಡ್ ಹೌಸ್ ಎಂಬ ಮನೆಯಲ್ಲಿ ಬಿಡಾರ ಮಾಡುತ್ತಿತ್ತು. ಕೊಲ್ಲಿಯಾಚೆ ಗಾಡ್ರೆವಿಯ ದೀಪಸ್ತಂಭ. ಮಕ್ಕಳು ಸೇರಿ ಮನೆಮಟ್ಟಿಗೆ ಬರೆಯುತ್ತಿದ್ದ ಪತ್ರಿಕೆಯ 1892ರ ಸೆಪ್ಟೆಂಬರಿನ ಸಂಚಿಕೆಯಲ್ಲಿ, ಆ ದೀಪಸ್ತಂಭಕ್ಕೆ ಹೋಗಲು ಅಪ್ಪಣೆ ದೊರೆಯದೆ ಕಿರಿಯ ತಮ್ಮ ಏಡ್ರಿಯನ್ ಬಹಳ ನಿರಾಶನಾದನೆಂಬ ಸುದ್ದಿಯಿದೆ. ಮೂವತ್ತೈದು ವರ್ಷಗಳ ತರುವಾಯ ಈ ಸಣ್ಣ ಸುದ್ದಿಯೇ ಒಂದು ಮಹಾಕೃತಿಗೆ ಬೀಜವಾಯಿತು.

ಲೇಖಕಿಯು ಊರನ್ನು ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಕೊಂಡೊಯ್ದಿದ್ದಾಳೆ. ಮನೆಯವರ ಹೆಸರನ್ನು ರಾಮ್ಸೆ ಎಂದು ಮಾರ್ಪಡಿಸಿದ್ದಾಳೆ. ಕಥೆ ಎಂಬುದು ಹೆಚ್ಚಿಲ್ಲ. ನಾಳೆ ದೀಪಸ್ತಂಭಕ್ಕೆ ಹೋಗಬೇಕೆಂದು ಆರು ವರ್ಷದ ಜೇಮ್ಸ್ ಹಂಬಲಿಸುತ್ತಾನೆ. ಹವೆ ಚೆನ್ನಾಗಿದ್ದರೆ ಹೋಗೋಣವೆನ್ನುತ್ತಾಳೆ ತಾಯಿ. ಹವೆ ಚೆನ್ನಾಗಿರುವುದಿಲ್ಲವೆನ್ನುತ್ತಾನೆ ತಂದೆ. ಆ ಕ್ಷಣದಲ್ಲಿ ತಂದೆಯನ್ನು ಕೊಂದುಬಿಡುವಷ್ಟು ದ್ವೇಷ ಮಗುವಿನ ಎದೆಯಲ್ಲಿ ಹೊತ್ತಿಕೊಳ್ಳುತ್ತದೆ. ತಾಯಿ ದೀಪಸ್ತಂಭದ ಕಾವಲುಗಾರನ ಮಗನಿಗಾಗಿ ಕಾಲುಚೀಲ ಹೆಣೆಯುತ್ತಿರುತ್ತಾಳೆ. ರಾತ್ರಿಯ ಊಟದಲ್ಲಿ ಅತಿಥಿಗಳೂ ಮಕ್ಕಳೂ ಒಂದೇ ಮೇಜಿನ ಸುತ್ತ ಕೂಡುತ್ತಾರೆ. ಇಷ್ಟೇ ಮೊದಲನೆಯ ಭಾಗ. ಎರಡನೆಯ ಭಾಗದಲ್ಲಿ ಹತ್ತು ವರ್ಷಗಳು ಸರಿಯುತ್ತವೆ. ಖಾಲಿ ಮನೆಯೊಳಗೆ ಗಾಳಿ, ಧೂಳು, ಕತ್ತಲೆ. ಮೂರನೆಯ ಭಾಗದಲ್ಲಿ ಉಳಿದವರು ಮರಳಿ ಬರುತ್ತಾರೆ. ತಂದೆಯು ಇಬ್ಬರು ಮಕ್ಕಳೊಡನೆ ದೀಪಸ್ತಂಭಕ್ಕೆ ದೋಣಿಯಲ್ಲಿ ಹೋಗುತ್ತಾನೆ.

ತಾಯಿ ಸತ್ತುದನ್ನು ಲೇಖಕಿಯು ಹೇಳುವ ರೀತಿಯನ್ನು ಸಹೃದಯರು ಗಮನಿಸಬೇಕು. ಮೊದಲನೆಯ ಭಾಗವನ್ನೆಲ್ಲ ತುಂಬಿಕೊಂಡಿದ್ದವಳ ಮರಣವು ಕಂಸದೊಳಗಿನ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕತ್ತಲೆಯಲ್ಲಿ ಗಂಡನು ತೋಳುಗಳನ್ನು ಚಾಚುತ್ತಾನೆ. ಅವು ಬರಿದಾಗಿಯೇ ಉಳಿಯುತ್ತವೆ. ಹೆರಿಗೆಯ ಸಂಬಂಧದ ಕಾಯಿಲೆಯಲ್ಲಿ ಮಗಳು ಪ್ರೂ, ಯುದ್ಧದಲ್ಲಿ ಮಗ ಆಂಡ್ರೂ ಹೀಗೆಯೇ ಕಂಸಗಳೊಳಗೆ ಇಲ್ಲವಾಗುತ್ತಾರೆ. ಇದು ನಿರ್ದಯವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರದು. ವಿಪ್ರಲಂಭಕ್ಕೂ ಕರುಣಕ್ಕೂ ಭೇದವೇನೆಂದರೆ, ಮೊದಲನೆಯದರಲ್ಲಿ ಪುನಸ್ಸಮಾಗಮದ ಆಸೆಯುಂಟು, ಎರಡನೆಯದರಲ್ಲಿಲ್ಲ. ಆಸೆಗೆ ಎಡೆಯಿಲ್ಲವೆಂಬುದನ್ನು ಆ ಕಂಸಗಳು ಒಮ್ಮೆಗೇ ಸ್ಥಾಪಿಸುತ್ತವೆ. ಅಲ್ಲಿಂದ ಮುಂದೆ ಬರುವ ನೆನಪೆಲ್ಲವೂ ಶೋಕಕ್ಕೆ ಅಧೀನ. ಸ್ಮೃತಿಯು ತನ್ನ ತಕ್ಕ ಸ್ಥಾನದಲ್ಲಿ ನಿಲ್ಲುತ್ತದೆ.

ಇಲ್ಲಿ ಭವಭೂತಿಯ ನೆನಪು ಬಾರದಿರದು. ಉತ್ತರರಾಮಚರಿತದ ಪ್ರಥಮಾಂಕದಲ್ಲಿ ಸೀತಾರಾಮರು ತಮ್ಮ ಪೂರ್ವವೃತ್ತಾಂತದ ಚಿತ್ರಗಳನ್ನು ನೋಡುತ್ತಾರೆ. ತಂದೆ ಬದುಕಿದ್ದು, ತಾಯಂದಿರು ತಮ್ಮ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದ ಹೊಸ ಮದುವೆಯ ದಿನಗಳು ಕಳೆದುಹೋದುವೆಂದು ರಾಮನು ನಿಟ್ಟುಸಿರಿಡುತ್ತಾನೆ. ನೆನಪಿನ ಮಾಧುರ್ಯಕ್ಕೆ ಅದಕ್ಕಿಂತ ಮಿಗಿಲಾದ ಉದಾಹರಣೆಯಿಲ್ಲ. ಆದರೆ ಕವಿಯು ಆ ಮಾಧುರ್ಯದಲ್ಲಿ ನಮ್ಮನ್ನು ಮಲಗಗೊಡುವುದಿಲ್ಲ; ಅದೇ ಅಂಕ ಮುಗಿಯುವುದರೊಳಗೆ ಲೋಕಾಪವಾದದ ಸುದ್ದಿ ಬಂದು, ಸೀತೆಯ ಪರಿತ್ಯಾಗವು ನಿಶ್ಚಯವಾಗುತ್ತದೆ. ವುಲ್ಫಳ ಕೃತಿಯಲ್ಲಿಯೂ ಚಿತ್ರವೊಂದುಂಟು. ಅತಿಥಿಯಾಗಿ ಬಂದ ಲಿಲಿ ಬ್ರಿಸ್ಕೋ ಎಂಬ ಕನ್ಯೆ ಮೊದಲ ಭಾಗದಲ್ಲಿ ಆರಂಭಿಸಿ ಮುಗಿಸಲಾರದೆ ಹೋದ ಚಿತ್ರವನ್ನು ಹತ್ತು ವರ್ಷಗಳ ಮೇಲೆ ಹೊಸದಾಗಿ ಬರೆಯತೊಡಗುತ್ತಾಳೆ. ಭವಭೂತಿಯಲ್ಲಿ ಚಿತ್ರವು ಸ್ಮೃತಿಯನ್ನು ಎಬ್ಬಿಸಿದರೆ, ಇಲ್ಲಿ ಸ್ಮೃತಿಯು ಚಿತ್ರವನ್ನು ಪೂರ್ತಿಗೊಳಿಸುತ್ತದೆ.

ಗ್ರಂಥದ ನಿಜವಾದ ಧೈರ್ಯವಿರುವುದು ತಂದೆತಾಯಿಗಳ ಚಿತ್ರಣದಲ್ಲಿ. ಗತಿಸಿದ ಹಿರಿಯರ ವಿಷಯದಲ್ಲಿ ನಾವು ಬರೆಯುವುದೆಲ್ಲ ತರ್ಪಣದಂತೆಯೇ ಇರುತ್ತದೆ. ಗುಣವನ್ನು ಎತ್ತುತ್ತೇವೆ, ದೋಷವನ್ನು ನುಂಗುತ್ತೇವೆ. ವುಲ್ಫ್ ಹಾಗೆ ಮಾಡಲಿಲ್ಲ. ತಂದೆಯ ವಿದ್ಯೆಯಿದೆ, ಸತ್ಯನಿಷ್ಠೆಯಿದೆ. ಅದರ ಜೊತೆಗೇ ಎಲ್ಲರಿಂದಲೂ ಸಹಾನುಭೂತಿಯನ್ನು ಸುಲಿಗೆ ಮಾಡುವ ಹಸಿವೂ ಇದೆ. ಕೊಡಲು ಸಹಾನುಭೂತಿಯಿಲ್ಲದ ಲಿಲಿ ಅವನ ಬೂಟುಗಳು ಚೆನ್ನಾಗಿವೆಯೆಂದು ಹೇಳಿಬಿಡುತ್ತಾಳೆ. ಅವನು ಅಷ್ಟಕ್ಕೇ ಪ್ರಸನ್ನನಾಗುತ್ತಾನೆ! ನಗೆಯೂ ಮರುಕವೂ ಇಷ್ಟು ಹತ್ತಿರದಲ್ಲಿ ಕೂಡಿರುವ ಸನ್ನಿವೇಶ ವಿರಳ. ತಾಯಿಯೂ ದೇವತೆಯಲ್ಲ. ಅವಳ ಸೌಂದರ್ಯ ಔದಾರ್ಯಗಳ ಹಿಂದೆ, ಕಂಡವರಿಗೆಲ್ಲ ಮದುವೆ ಮಾಡಿಸಬೇಕೆಂಬ ಹಟವೂ ಅಧಿಕಾರದ ಆಸೆಯೂ ಇಣುಕುತ್ತವೆ. ಅವಳು ಕೂಡಿಸಿದ ಒಂದು ಮದುವೆ ಕೆಟ್ಟುಹೋದುದನ್ನು ಮೂರನೆಯ ಭಾಗದಲ್ಲಿ ಲಿಲಿ ನೆನೆಯುತ್ತಾಳೆ.

ಈ ದೃಷ್ಟಿಯ ಸಾರವೆಲ್ಲ ದೋಣಿಯ ಪ್ರಸಂಗದಲ್ಲಿದೆ. ಬಾಲಕನಾಗಿ ಜೇಮ್ಸ್ ಕಂಡಿದ್ದುದು ಮಂಜಿನ ನಡುವೆ ಸಂಜೆ ಕಣ್ತೆರೆಯುವ ಬೆಳ್ಳಿಯ ಗೋಪುರವನ್ನು. ಈಗ ಹತ್ತಿರ ಹೋಗಿ ಕಾಣುವುದು ಬಂಡೆಯ ಮೇಲಿನ ಬೋಳು ಕಟ್ಟಡವನ್ನು; ಅಲ್ಲಿ ಬಟ್ಟೆ ಒಣಹಾಕಿದ್ದಾರೆ. ಹಾಗಾದರೆ ಮೊದಲಿನದು ಸುಳ್ಳೇ? ಅಲ್ಲ, ಅದೂ ದೀಪಸ್ತಂಭವೇ ಎಂದು ಅವನು ನಿರ್ಧರಿಸುತ್ತಾನೆ. ಮೊದಲನೆಯದನ್ನು ಮಾತ್ರ ಹಿಡಿದವನು ಹಂಬಲಿಗ, ಎರಡನೆಯದನ್ನು ಮಾತ್ರ ಹಿಡಿದವನು ಸಿನಿಕ. ಎರಡನ್ನೂ ಏಕಕಾಲದಲ್ಲಿ ಹಿಡಿದವನು ಕವಿ. ಕೊನೆಗೆ ತಂದೆಯು ಮಗನ ಚುಕ್ಕಾಣಿಯ ಕೌಶಲವನ್ನು ಮೆಚ್ಚಿ ಒಂದು ಮಾತನಾಡುತ್ತಾನೆ. ಹತ್ತು ವರ್ಷಗಳ ದ್ವೇಷಕ್ಕೆ ಅಷ್ಟೇ ಪರಿಹಾರ. ಅದಕ್ಕಿಂತ ಹೆಚ್ಚಾಗಿದ್ದರೆ ನಾವು ನಂಬುತ್ತಿರಲಿಲ್ಲ.

ಕೃತಿಯಲ್ಲಿ ಕುಂದಿಲ್ಲವೆಂದಲ್ಲ. ಪಾಳುಬೀಳುತ್ತಿದ್ದ ಮನೆಯನ್ನು ಗುಡಿಸಿ ಸಾರಿಸಿ ಉಳಿಸುವವಳು ಮಿಸೆಸ್ ಮೆಕ್‌ನ್ಯಾಬ್ ಎಂಬ ಮುದಿ ಕೆಲಸದವಳು. ಒಡೆಯರ ಅಂತರಂಗದ ಎಳೆಯೆಳೆಯನ್ನೂ ಬಿಡಿಸಿ ತೋರಿಸುವ ಲೇಖಕಿಗೆ ಈಕೆಯ ಮನಸ್ಸು ಮಾತ್ರ ಮಸಕಾಗಿಯೇ ಕಂಡಿದೆ. ಕೆಲವರ ರಜೆಯು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿತ್ತೆಂಬುದು ಗ್ರಂಥದಲ್ಲಿ ಇದೆ. ಆದರೆ ಅದರ ಭಾರವಿಲ್ಲ. ಕಡಲು ನಮ್ಮ ಕರಾವಳಿಯವರಿಗೆ ರಜೆಯ ನೋಟವಲ್ಲದುದರಿಂದ ಈ ಕೊರತೆ ನಮಗೆ ಬೇಗನೆ ತಟ್ಟುತ್ತದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಮೂರು ತಲೆಮಾರಿನ ದುಡಿಮೆಗೆ ನೆರೆಯಾಗಿ ನಿಂತಿದೆ. ಅಲ್ಲಿ ಹೆಂಗಸರ ಬೆವರಿಗೆ ದೊರೆತ ಗೌರವವು ಇಲ್ಲಿ ದೊರೆತಿಲ್ಲ.

ಈ ನ್ಯೂನತೆಯಿದ್ದೂ ಗ್ರಂಥದ ಸಿದ್ಧಿ ದೊಡ್ಡದು. ಇದನ್ನು ಬರೆದ ಮೇಲೆ, ಅಲ್ಲಿಯವರೆಗೆ ದಿನವೂ ಕಾಡುತ್ತಿದ್ದ ತಾಯಿಯ ಧ್ವನಿ ಕೇಳಿಸುವುದು ನಿಂತಿತೆಂದು ವುಲ್ಫ್ ತನ್ನ ಸ್ಮರಣಲೇಖನದಲ್ಲಿ ಹೇಳಿಕೊಂಡಿದ್ದಾಳೆ. ಮೃತರನ್ನು ಹಿಡಿದಿಟ್ಟುಕೊಳ್ಳುವುದಕ್ಕಾಗಿ ಬರೆಯುವವರು ಬಹುಮಂದಿ; ಅವರನ್ನು ಇದ್ದಂತೆ ಕಂಡು, ಬೀಳ್ಕೊಡುವುದಕ್ಕಾಗಿ ಬರೆಯುವವರು ಕೆಲವರೇ. ಶ್ರಾದ್ಧದಲ್ಲಿ ಪಿತೃಗಳನ್ನು ಆವಾಹಿಸಿದ ಮೇಲೆ ವಿಸರ್ಜನವೂ ವಿಹಿತವಾಗಿದೆ. ಬಾಲ್ಯದ ಬೇಸಗೆಗಳನ್ನು ಕುರಿತು ಬರೆಯಹೊರಡುವ ನಮ್ಮ ತರುಣ ಲೇಖಕರು ಆವಾಹನದಷ್ಟೇ ವಿಸರ್ಜನವನ್ನೂ ಕಲಿಯುವುದು ಉಚಿತ.