ಈ ಸಲ ಮಳೆ, ಈ ಸಲ ಕಪ್

2025ರ ಏಪ್ರಿಲ್ ಪೂರ್ತಿ ಮಾಡದಕೆರೆಯ ನಮ್ಮ ದೊಡ್ಡಪ್ಪ ದಿನಾ ಬೆಳಿಗ್ಗೆ ನನಗೆ ಎರಡೇ ಪ್ರಶ್ನೆ ಕೇಳುತ್ತಿದ್ದರು. ಒಂದು, ‘ಮೊಬೈಲ್‌ನಾಗೆ ಮಳೆ ಏನಂತೈತೆ?’ ಇನ್ನೊಂದು, ‘ರಾತ್ರಿ ಏನಾತ್ಲಾ ಆಟ?’ ಹಿಂದಿನ ರಾತ್ರಿ ಆರ್‌ಸಿಬಿ ಸೋತ ಸುದ್ದಿ ಅಷ್ಟರಲ್ಲಿ ಅವರಿಗೆ ಹಾಲಿನ ಡೈರಿಯಲ್ಲೇ ಸಿಕ್ಕಿದ್ದರೆ ಎರಡನೇ ಪ್ರಶ್ನೆಯ ರೂಪ ಬದಲಾಗುತ್ತಿತ್ತು: ‘ನಿಮ್ಮೋರು ಇವತ್ತೂ ಕೊಟ್ರಂತೆ?’ ಗೆದ್ದ ದಿನ ‘ನಮ್ಮೋರು’, ಸೋತ ದಿನ ‘ನಿಮ್ಮೋರು’. ಅಭಿಮಾನದ ವ್ಯಾಕರಣವನ್ನು ನಾನು ಮೊದಲು ಗಮನಿಸಿದ್ದು ಈ ಸರ್ವನಾಮದ ಜಿಗಿತದಲ್ಲಿ.

ಆ ದಿನಗಳಲ್ಲಿ ನಾನು ಓದುತ್ತಿದ್ದದ್ದು ಅಮೆರಿಕದ ಬೇಸ್‌ಬಾಲ್ ಬಗೆಗಿನ ಬರವಣಿಗೆ. ಬೇಸ್‌ಬಾಲ್ ಆಟ ನನಗೆ ಗೊತ್ತಿಲ್ಲ, ಅದರ ಲೆಕ್ಕಾಚಾರ ಇವತ್ತಿಗೂ ಪೂರ್ತಿ ಹತ್ತಿಲ್ಲ. ಆದರೆ ಒಂದು ತಂಡದ ಹಿಂದೆ ಒಂದು ಇಡೀ ಋತು ನಡೆಯುವುದು ಅಂದರೇನು ಎಂಬುದನ್ನು ಅಲ್ಲಿನ ಲೇಖಕರು ಸಾಹಿತ್ಯದ ವಸ್ತುವಾಗಿ ತೆಗೆದುಕೊಂಡಷ್ಟು ಗಂಭೀರವಾಗಿ ನಾವು ತೆಗೆದುಕೊಂಡಿಲ್ಲ. ನಮ್ಮಲ್ಲಿ ಕ್ರಿಕೆಟ್ ಅಂದರೆ ಒಂದೋ ಅಂಕಿ ಅಂಶ, ಇಲ್ಲವೇ ‘ಯುವಜನ ಹಾಳಾದರು’ ಅನ್ನುವ ಸಂಪಾದಕೀಯ. ನಡುವೆ ಇರುವ ಕೋಟ್ಯಂತರ ಸಂಜೆಗಳನ್ನು ಯಾರೂ ಓದಿಲ್ಲ.

ಬಾರ್ಟ್ ಜಿಯಾಮಾಟಿ ಎಂಬಾತನ ‘ದಿ ಗ್ರೀನ್ ಫೀಲ್ಡ್ಸ್ ಆಫ್ ದಿ ಮೈಂಡ್’ ಅನ್ನುವ ಪುಟ್ಟ ಪ್ರಬಂಧ ಬಂದದ್ದು 1977ರಲ್ಲಿ. ಈತ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ನವೋದಯ ಕಾಲದ ಯುರೋಪಿನ ಮಹಾಕಾವ್ಯಗಳಲ್ಲಿ ಬರುವ ಸ್ವರ್ಗದಂಥ ತೋಟಗಳ ಮೇಲೆ ಪುಸ್ತಕ ಬರೆದವನು. ಮುಂದೆ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷನಾದ, 1989ರಲ್ಲಿ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥನಾದ, ಅದೇ ವರ್ಷ ಸೆಪ್ಟೆಂಬರ್ 1ರಂದು ತೀರಿಕೊಂಡ. ಅವನ ತಂಡ ಬಾಸ್ಟನ್‌ನ ರೆಡ್ ಸಾಕ್ಸ್. 1918ರಲ್ಲಿ ಗೆದ್ದದ್ದೇ ಕೊನೆ, ಮತ್ತೆ ಗೆಲ್ಲಲು 2004 ಬರಬೇಕಾಯಿತು. ಜಿಯಾಮಾಟಿ ಅದನ್ನು ನೋಡಲೇ ಇಲ್ಲ.

ಬೇಸ್‌ಬಾಲ್ ಋತು ವಸಂತದಲ್ಲಿ ಶುರುವಾಗಿ, 162 ಪಂದ್ಯಗಳ ಉದ್ದಕ್ಕೆ ಹರಿದು, ಬೇಸಿಗೆ ಇಳಿಯುವ ಹೊತ್ತಿಗೆ ಬಿಗಿಯಾಗಿ, ಅಕ್ಟೋಬರ್ ಚಳಿಯಲ್ಲಿ ಮುಗಿಯುತ್ತದೆ. ಜಿಯಾಮಾಟಿಯ ಪ್ರಬಂಧ ನಿಂತಿರುವುದು ಈ ಪಂಚಾಂಗದ ಮೇಲೆ. ಋತು ತಿರುಗುವುದು ಮತ್ತು ಆಟ ಮುಗಿಯುವುದು ಅವನಿಗೆ ಒಂದೇ ಘಟನೆ. ಹಾಗಾಗಿ ಅವನ ಬೇಸಿಗೆಯ ಕೊನೆ ಒಂದು ಶೋಕಗೀತೆ. ಓದಿ ಮೆಚ್ಚಿದೆ, ಆದರೆ ಏನೋ ಕೂಡಿಬರಲಿಲ್ಲ. ಯಾಕೆ ಅಂತ ಹೊಳೆದದ್ದು ದೊಡ್ಡಪ್ಪನ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ.

ನಮ್ಮ ಬೇಸಿಗೆಯ ಕೊನೆ ಬೇರೆ. ಐಪಿಎಲ್ ಶುರುವಾಗುವುದು ಮಾರ್ಚ್ ಕೊನೆಗೆ, ನೆಲ ಬಿರಿದಿರುವಾಗ. ಅಶ್ವಿನಿ, ಭರಣಿ, ಕೃತ್ತಿಕೆ ದಾಟಿ ಅದು ಮುಗಿಯುವ ಹೊತ್ತಿಗೆ ರೋಹಿಣಿ. ಹೊಸದುರ್ಗ ಸೀಮೆಯ ಒಣ ಹೊಲದವರಿಗೆ ಇದು ಹೆಸರು ಬಿತ್ತಬೇಕೋ, ಸಾವೆಗೆ ಕಾಯಬೇಕೋ, ಇಲ್ಲ ರಾಗಿಯ ತನಕ ಸುಮ್ಮನಿರಬೇಕೋ ಎಂದು ಆಕಾಶ ನೋಡುವ ಕಾಲ. ಅಮೆರಿಕದ ಅಭಿಮಾನಿಯ ಋತು ಹಸಿರಿನಿಂದ ಚಳಿಗೆ ಹೋದರೆ ನಮ್ಮದು ಬಿಸಿಲಿನಿಂದ ಮಳೆಗೆ ಹೋಗುತ್ತದೆ. ಆ ವರ್ಷ ಮೇ 17ರಂದು, ಯುದ್ಧದ ಬಿಡುವಿನ ನಂತರ ಟೂರ್ನಿ ಮತ್ತೆ ಶುರುವಾದ ದಿನ, ಟೆಸ್ಟ್‌ನಿಂದ ನಿವೃತ್ತನಾದ ಕೊಹ್ಲಿಗೆಂದು ಬಿಳಿ ಅಂಗಿ ತೊಟ್ಟು ಬಂದಿದ್ದ ಜನರ ಮುಂದೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಂದು ಚೆಂಡೂ ಎಸೆಯಲಾಗಲಿಲ್ಲ, ಮಳೆ. ನಾನು ಟಿವಿ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದೆ. ದೊಡ್ಡಪ್ಪ ಅಂದರು: ‘ಮಳೆ ಬಂತು ಅಂತ ಅಳೋರ್ನ ಇದೇ ಮೊದ್ಲು ನೋಡಿದ್ದು ಕಣ್ಲಾ.’

ಈಗ ಆ ವಾಕ್ಯಕ್ಕೆ ಬರೋಣ. ‘ಈ ಸಲ ಕಪ್ ನಮ್ದೇ.’ ಕರ್ತೃವಿಲ್ಲದ, ಗಾದೆಯ ಹಾಗೆ ಬಾಯಿಂದ ಬಾಯಿಗೆ ಬೆಳೆದ ಮಾತು. ಇದನ್ನು ಜಾಹೀರಾತಿನವರು ಎತ್ತಿಕೊಂಡರು, ಲೇವಡಿ ಮಾಡುವವರು ಎತ್ತಿಕೊಂಡರು, ಕನ್ನಡದ ಒಂದೇ ಒಂದು ವಾಕ್ಯ ಗೊತ್ತಿರುವ ದೇಶದ ಲಕ್ಷಾಂತರ ಜನಕ್ಕೆ ಗೊತ್ತಿರುವುದು ಇದೇ. ಇಂಥ ವಾಕ್ಯವನ್ನು ವಿಮರ್ಶೆ ಮುಟ್ಟದೆ ಇರುವುದು ನನಗೆ ಆಶ್ಚರ್ಯ.

ಮೊದಲು, ಇದರಲ್ಲಿ ಕ್ರಿಯಾಪದ ಇಲ್ಲ. ಕನ್ನಡಕ್ಕೆ ಇದು ಸಹಜ. ‘ಇದು ನಮ್ಮ ಹೊಲ’ ಅನ್ನಲು ಕ್ರಿಯಾಪದ ಬೇಡ. ಕ್ರಿಯಾಪದ ಇಲ್ಲದ್ದರಿಂದ ಕಾಲವೂ ಇಲ್ಲ. ಗೆಲ್ಲುತ್ತೇವೆ ಎಂದಿಲ್ಲ, ಗೆಲ್ಲಬಹುದು ಎಂದಿಲ್ಲ. ಭವಿಷ್ಯ ಹೇಳಿದ್ದರೆ ಸುಳ್ಳಾಗುತ್ತಿತ್ತು. ಇದು ಹಕ್ಕು ಸಾಧಿಸುವ ವಾಕ್ಯ, ಸೋಲು ಇದನ್ನು ಸುಳ್ಳು ಮಾಡುವುದಿಲ್ಲ, ಮುಂದೂಡುತ್ತದೆ ಅಷ್ಟೆ.

ಎರಡನೆಯದು ಆ ಕೊನೆಯ ‘ಏ’. ಅವಧಾರಣೆ. ಯಾರೋ ಅಲ್ಲ ಅಂದಾಗಲೇ ಈ ಸ್ವರಕ್ಕೆ ಕೆಲಸ. ಬದುವಿನ ಜಗಳದಲ್ಲಿ ‘ಈ ಹುಣಸೆ ಮರ ನಮ್ದೇ’ ಅನ್ನುತ್ತೇವೆ. ಜಗಳವಿಲ್ಲದ ಮರ ಬರೀ ‘ನಮ್ದು’. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಆರ್‌ಸಿಬಿಯ ಮಹಿಳಾ ತಂಡ ಡಬ್ಲ್ಯುಪಿಎಲ್ ಗೆದ್ದಾಗ, ನಾಯಕಿ ಸ್ಮೃತಿ ಮಂಧಾನ ಇನ್ನು ಇದು ‘ನಮ್ದೇ’ ಅಲ್ಲ, ‘ನಮ್ದು’ ಎಂಬರ್ಥದಲ್ಲಿ ತಿದ್ದಿ ಹೇಳಿದಳು. ಕನ್ನಡ ಅವಳ ಮನೆಮಾತಲ್ಲ. ಆದರೂ ಅವಧಾರಣೆಯನ್ನು ಎಲ್ಲಿ ಬಿಡಬೇಕು ಎಂಬುದು ಅವಳಿಗೆ ತಿಳಿದಿತ್ತು. ವ್ಯಾಕರಣದ ಪಾಠ ಮಾಡುವ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಅದರ ಹಿಂದಿನ ವರ್ಷ ಪುರುಷರ ತಂಡದ ನಾಯಕ ಫಾಫ್ ಡು ಪ್ಲೆಸಿ ಅದೇ ವಾಕ್ಯವನ್ನು ತಪ್ಪಿ ‘ಈ ಸಲ ಕಪ್ ನಹಿ’ ಅಂದದ್ದೂ ಇದೆ. ಪಾಪ, ಆ ವರ್ಷದ ಮಟ್ಟಿಗೆ ಅದೇ ಸರಿಪಾಠವಾಯಿತು.

ಇನ್ನು ‘ಈ ಸಲ’. ನನ್ನ ಮಟ್ಟಿಗೆ ವಾಕ್ಯದ ಜೀವ ಇರುವುದು ಇಲ್ಲಿ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಅಭಿಮಾನಿಗಳಿಗೂ ಇಂಥದ್ದೇ ಒಂದು ಮಾತಿತ್ತು: ‘ಮುಂದಿನ ವರ್ಷ ನೋಡೋಣ.’ 1941ರಿಂದ 1953ರ ನಡುವೆ ಐದು ಸಲ ಫೈನಲ್‌ನಲ್ಲಿ ಯಾಂಕೀಸ್‌ಗೆ ಸೋತವರು. ಇತಿಹಾಸಕಾರ್ತಿ ಡೋರಿಸ್ ಕೆರ್ನ್ಸ್ ಗುಡ್‌ವಿನ್ 1997ರಲ್ಲಿ ಬರೆದ ತನ್ನ ಬಾಲ್ಯದ ಕಥನಕ್ಕೆ ಆ ಮಾತನ್ನೇ ಹೆಸರಾಗಿ ಇಟ್ಟಳು. ಹಗಲು ರೇಡಿಯೋದಲ್ಲಿ ಪಂದ್ಯ ಕೇಳಿ ಸ್ಕೋರು ಬರೆದಿಟ್ಟುಕೊಂಡು, ಸಂಜೆ ಕೆಲಸದಿಂದ ಬಂದ ಅಪ್ಪನಿಗೆ ಪಂದ್ಯವನ್ನೇ ಕಥೆಯಾಗಿ ಹೇಳುತ್ತಿದ್ದ ಹುಡುಗಿ ಆಕೆ. ಇದೆಲ್ಲ ಮರುದಿನದ ಪತ್ರಿಕೆಯಲ್ಲೇ ಬರುತ್ತದೆ ಎಂದು ಅಪ್ಪ ಹೇಳಿರಲಿಲ್ಲ. ಅವಳು ಹೇಳದಿದ್ದರೆ ಅವನಿಗೆ ಪಂದ್ಯವೇ ಇಲ್ಲ ಎಂದು ನಂಬಿದ್ದಳು. ಕಥೆ ಹೇಳುವುದನ್ನು ಕಲಿತದ್ದು ಅಲ್ಲೇ ಎನ್ನುತ್ತಾಳೆ. ಆ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಆದರೆ ಎರಡು ಮಾತುಗಳ ಜಾಗ ಬೇರೆ ಬೇರೆ. ‘ಮುಂದಿನ ವರ್ಷ ನೋಡೋಣ’ ಸೋತ ಮೇಲಿನ ಸಮಾಧಾನ. ‘ಈ ಸಲ’ ಆಡುವ ಮೊದಲಿನ ಮಾತು. ಬಿತ್ತುವ ಮೊದಲಿನದು. ಹೋದ ಸಲ ಕೈಕೊಟ್ಟದ್ದು ಗೊತ್ತು, ಅದರ ಹಿಂದಿನ ಸಲವೂ ಗೊತ್ತು. ಆದರೂ ಬೀಜ ತಂದಾಗಿದೆ. ‘ಈ ಸಲ’ ಎಂದಾಗಲೇ ಹಿಂದಿನ ಎಲ್ಲ ಸಲಗಳ ಸೋಲು ಅದರಲ್ಲಿ ಒಳಗೊಂಡಿದೆ. ಬೆಂಗಳೂರಿನ ಹುಡುಗರು ಕಟ್ಟಿದ ಘೋಷಣೆ ಎಂದು ಎಲ್ಲರೂ ತಿಳಿದಿರುವ ಈ ಮಾತಿನ ಅರ್ಧ ಭಾಗ ಬಯಲುಸೀಮೆಯ ಮಳೆಯ ಮಾತು ಎಂಬುದು ನನ್ನ ವಾದ. ಒಪ್ಪದವರು ಮೇ ತಿಂಗಳಲ್ಲಿ ಹೊಸದುರ್ಗದ ಬೀಜ ಗೊಬ್ಬರದ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ‘ಈ ಸಲ’ ಎಷ್ಟು ಸಲ ಕಿವಿಗೆ ಬೀಳುತ್ತದೆ ಎಣಿಸಬಹುದು.

ಪಕ್ಕದ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯನ್ನೇ ನೋಡಿ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷ. ನಮ್ಮ ಜಿಲ್ಲೆಯಲ್ಲಿ ಎರಡು ತಲೆಮಾರು ‘ಈ ಸಲ ಎಷ್ಟಡಿ ಬಂತಂತೆ’ ಎಂದು ಕೇಳುತ್ತಲೇ ಮುಗಿದುಹೋದವು. ಇಂಥ ಕಡೆ ಬೆಳೆದವರಿಗೆ 18 ವರ್ಷ ಕಪ್ ಬರದಿದ್ದದ್ದು ದೊಡ್ಡ ಸಂಗತಿ ಅಲ್ಲ.

‘ನಮ್ದೇ’ ಅನ್ನುವುದರಲ್ಲಿ ಯಾರು ಸೇರಿದ್ದಾರೆ ಎಂಬ ತಕರಾರು ಹಳೆಯದು, ಅದಕ್ಕೆ ತೂಕವೂ ಇದೆ. 1974ರ ಮಾರ್ಚ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ 15 ವರ್ಷ ಸತತ ರಣಜಿ ಗೆದ್ದಿದ್ದ ಬಾಂಬೆಯನ್ನು ತಡೆದಾಗ, ವಿಶ್ವನಾಥ್ 162 ಹೊಡೆದಾಗ, ‘ನಮ್ಮದು’ ಅನ್ನಲು ಯಾರೂ ಯೋಚಿಸಬೇಕಿರಲಿಲ್ಲ. ಆರ್‌ಸಿಬಿ ಅದಲ್ಲ. ವಿಸ್ಕಿಯ ಹೆಸರಿನ ತಂಡ. ಊರಿನ ಹೆಸರನ್ನು ‘ಬೆಂಗಳೂರು’ ಎಂದು ಸರಿಯಾಗಿ ಬರೆದುಕೊಂಡದ್ದೇ 2024ರಲ್ಲಿ. 2025ರ ಫೈನಲ್‌ನ ಹನ್ನೊಂದರಲ್ಲಿ ಕರ್ನಾಟಕದವನು ಮಯಂಕ್ ಅಗರ್‌ವಾಲ್ ಒಬ್ಬನೇ, ಅವನೂ ಗಾಯಗೊಂಡ ಪಡಿಕ್ಕಲ್ ಬದಲಿಗೆ ನಡುವೆ ಬಂದವನು. ಅದೇ ಏಪ್ರಿಲ್ 10ರಂದು ಡೆಲ್ಲಿ ಪರವಾಗಿ ಔಟಾಗದೆ 93 ಹೊಡೆದು ಚಿನ್ನಸ್ವಾಮಿಯಲ್ಲೇ ಆರ್‌ಸಿಬಿಯನ್ನು ಸೋಲಿಸಿದ ಕೆ.ಎಲ್. ರಾಹುಲ್, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಅದರ ನಡುವೆ ಬ್ಯಾಟು ಊರಿದ. ‘ಕಾಂತಾರ’ದಿಂದ ಎತ್ತಿಕೊಂಡ ಭಂಗಿ. ಬಾಯಿಬಿಟ್ಟು ಹೇಳದ ‘ನಮ್ದೇ’ ಅದು. ಆ ರಾತ್ರಿ ಯಾವ ಕಡೆ ನಿಲ್ಲಬೇಕೋ ತಿಳಿಯದೆ ನಾನು ಒದ್ದಾಡಿದೆ. ಮರುದಿನ ದೊಡ್ಡಪ್ಪನ ಸರ್ವನಾಮವೂ ಕೈಕೊಟ್ಟಿತು: ‘ನಿಮ್ಮೋರು ಸೋತ್ರು, ನಮ್ಮೋನು ಗೆದ್ದ, ಅಲ್ವೇನ್ಲಾ?’

ಹಾಗೆಂದು ಈ ‘ನಮ್ದೇ’ ಹುಸಿ ಎಂದು ನಾನು ಹೇಳಲಾರೆ. ಬ್ರೂಕ್ಲಿನ್ನಿನವರು 1955ರಲ್ಲಿ ಕೊನೆಗೂ ಗೆದ್ದರು. 1957ರ ಋತು ಮುಗಿದ ಮೇಲೆ ಮಾಲೀಕ ತಂಡವನ್ನೇ ಎತ್ತಿಕೊಂಡು ಲಾಸ್ ಏಂಜಲೀಸ್‌ಗೆ ಹೋದ. ಕಾಗದದ ಮೇಲೆ ತಂಡ ಅವನದು. ಆದರೆ ಆ ಹುಡುಗಿ ಅಪ್ಪನಿಗೆ ಹೇಳಿದ ಸಂಜೆಗಳನ್ನು ಅವನು ಒಯ್ಯಲಾಗಲಿಲ್ಲ. ಅಭಿಮಾನಿಯ ಪಾಲಿಗೆ ಬರುವುದು ತಂಡ ಅಲ್ಲ, ಅದನ್ನು ಹಿಂಬಾಲಿಸಿದ ದಿನಗಳು. ಆ ಅರ್ಥದಲ್ಲಿ ಮಾಡದಕೆರೆಯ ಜಗಲಿಗೂ ಪಾಲಿದೆ.

ಜೂನ್ 3, ಅಹಮದಾಬಾದ್. ಆರ್‌ಸಿಬಿ 9ಕ್ಕೆ 190, ಪಂಜಾಬ್ 7ಕ್ಕೆ 184. ಆರು ರನ್. 2009ರಲ್ಲಿ ಕುಂಬ್ಳೆಯ ತಂಡ ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್‌ಗೆ ಸೋತದ್ದೂ ಆರೇ ರನ್. ಕೊನೆಯ ಓವರ್ ಮುಗಿಯುವ ಮೊದಲೇ ಕೊಹ್ಲಿ ಅಳತೊಡಗಿದ್ದ. ನಮ್ಮೂರಲ್ಲೂ ಪಟಾಕಿ ಹೊಡೆದರು. ಗಣಪತಿ ಹಬ್ಬಕ್ಕೆ ತಂದು ಉಳಿದಿದ್ದ ಪಟಾಕಿ, ಅರ್ಧ ಠುಸ್ ಅಂದವು.

ಮರುದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು.

ಇದನ್ನು ಬರೆಯದೆ ಆ ವಾಕ್ಯದ ಬಗ್ಗೆ ಬರೆಯುವುದು ಸಾಧ್ಯವಿಲ್ಲ. ಬರೆದರೆ ಅದನ್ನು ಮೊದಲಿನ ಹಾಗೆ ಓದುವುದೂ ಸಾಧ್ಯವಿಲ್ಲ. ಸೋಲಿನ ಬಗ್ಗೆ ಜಿಯಾಮಾಟಿಯಲ್ಲಿ ಬೇಕಾದಷ್ಟು ಇದೆ. ಗೆದ್ದ ಮರುದಿನಕ್ಕೆ ಆಗಿಬರುವಂಥದ್ದೇನೂ ನನಗೆ ಅವನಲ್ಲಿ ಸಿಗಲಿಲ್ಲ, ಗುಡ್‌ವಿನ್‌ಳಲ್ಲೂ ಸಿಗಲಿಲ್ಲ. ನನ್ನ ನೆನಪಿಗೆ ಬಂದದ್ದು 2022ರ ಮಾರಿಕಣಿವೆ. ಕೋಡಿ ಬಿದ್ದದ್ದನ್ನು ನೋಡಲು ಜನ ಬಸ್ಸು ಮಾಡಿಕೊಂಡು ಹೋದರು, ಬಾಗಿನ ಬಿಟ್ಟರು. ಅದೇ ವಾರ ಹಿನ್ನೀರು ನಮ್ಮ ತಾಲ್ಲೂಕಿನ ತೋಟಗಳಿಗೆ ನುಗ್ಗಿ ತೆಂಗು ಅಡಿಕೆ ನೀರಲ್ಲಿ ನಿಂತವು. ನೀರು ಬರಲಿ ಎಂದು ಜೀವಮಾನವೆಲ್ಲ ಕಾದವರಿಗೆ, ಬಂದ ನೀರಿಗೆ ದಾರಿ ಎಲ್ಲಿದೆ ಎಂದು ಯೋಚಿಸುವ ಅಭ್ಯಾಸವೇ ಇರಲಿಲ್ಲ.

‘ನಮ್ದೇ’ ಎಂದು ಅಷ್ಟು ವರ್ಷ ಕೂಗಿದ್ದ ಹುಡುಗರು ಕಪ್ಪು ನಿಜಕ್ಕೂ ತಮ್ಮದೇ ಎಂದು ನಂಬಿ ಅದನ್ನು ಕಣ್ಣಾರೆ ನೋಡಲು ಹೋದರು. ಗೇಟು ಮುಚ್ಚಿತ್ತು. ವಾಕ್ಯದ ತಪ್ಪು ಅದಲ್ಲ. ಆದರೂ ಆಮೇಲೆ ನಾನು ಅದನ್ನು ಬಾಯಲ್ಲಿ ಆಡಿಲ್ಲ.

ಜೂನ್ 5ರ ಬೆಳಿಗ್ಗೆ ದೊಡ್ಡಪ್ಪ ಮಳೆ ಕೇಳಲಿಲ್ಲ, ಆಟ ಮುಗಿದಿತ್ತು. ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಫೋಟೊಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ‘ಎಲ್ಲಾ ಯಾವ್ಯಾವ ಊರಿನೋರು ಅಂತ ಓದು’ ಅಂದರು. ನಾನು ಓದಿದೆ. ಪ್ರತಿ ಹೆಸರು ಮುಗಿದಾಗಲೂ, ಊರು ಯಾವುದೇ ಇರಲಿ, ‘ನಮ್ಮೋರೇ’ ಅನ್ನುತ್ತಿದ್ದರು.