ಗೆರೆಗಿಂತ ಮೊದಲು ನೋಡಬೇಕಾದ ಸಂಖ್ಯೆ

ಎರಡು ಪ್ರೋಟೀನುಗಳ ನಂಟು ಎಷ್ಟು ಬಿಗಿ ಎಂದು ಪ್ರತಿದೀಪ್ತಿಯಿಂದ ಅಳೆದ ಪ್ರಬಂಧವನ್ನು ಹೊಸದಾಗಿ ಓದುವವರ ಕಣ್ಣು ನೇರವಾಗಿ ಹೋಗುವುದು, ಮೇಲೇರಿ ಸಮತಟ್ಟಾಗುವ ಆ ಚೆಂದದ ಗೆರೆಯತ್ತ. ಅದರ ಚೆಲುವನ್ನಷ್ಟೇ ನಂಬುವಂತಿಲ್ಲ. ಮೊದಲು ಹುಡುಕಬೇಕಾದದ್ದು ಹೊಳೆಯುವ ಅಣುವನ್ನು ಎಷ್ಟು ಸಾಂದ್ರತೆಯಲ್ಲಿ ಹಾಕಿದ್ದಾರೆ ಎಂಬ ಸಂಖ್ಯೆಯನ್ನು. ಈ ವಿದ್ಯೆಯ ಸೊಗಸು ಬಹುಮಟ್ಟಿಗೆ ಆ ಆಯ್ಕೆಯಲ್ಲೇ ಇದೆ ಎಂಬುದು ನನ್ನ ವಾದ.

ಗಂತಿ ಬೆಳೆಯದಂತೆ ತಡೆಯುವ ಪಿ53 ಪ್ರೋಟೀನನ್ನು ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನು ಹಿಡಿದು ಕಟ್ಟಿಹಾಕುತ್ತದೆ. ಈ ಹಿಡಿತವನ್ನು ಅಳೆಯಲು, ಎಂಡಿಎಂ2 ಕಚ್ಚುವ ಜಾಗದ ಪಿ53 ತುಣುಕಿಗೆ ಫ್ಲೋರೆಸಿನ್ ಬಣ್ಣ ಸೇರಿಸಿ ಧ್ರುವೀಕೃತ ಬೆಳಕು ಹಾಯಿಸುತ್ತಾರೆ. ಹೀರಿದ ಬೆಳಕನ್ನು ಬಣ್ಣ ಸರಾಸರಿ 4 ನ್ಯಾನೊಸೆಕೆಂಡಿನಲ್ಲಿ ಹೊರಗೆ ಬಿಡುತ್ತದೆ. ಅಷ್ಟರೊಳಗೆ ಬಿಡಿ ತುಣುಕು ಸಾಕಷ್ಟು ತಿರುಗಿ ಬೆಳಕಿನ ದಿಕ್ಕು ಕಲಸಿಹೋಗಿರುತ್ತದೆ. ಹಿಡಿತಕ್ಕೆ ಸಿಕ್ಕ ತುಣುಕು ನಿಧಾನವಾಗಿ ತಿರುಗುವುದರಿಂದ ದಿಕ್ಕು ಹೆಚ್ಚು ಉಳಿಯುತ್ತದೆ. ಆ ಉಳಿಕೆಯ ಅಳತೆಯೇ ಅನೈಸೋಟ್ರೊಪಿ. ಫ್ರಾನ್ಸಿಸ್ ಪೆರಿನ್ 1926ರಲ್ಲಿ ಕೊಟ್ಟ ಸಿದ್ಧಾಂತವನ್ನು ಗ್ರೆಗೋರಿಯೊ ವೆಬರ್ 1952ರಲ್ಲಿ ಪ್ರೋಟೀನುಗಳಿಗೆ ಅನ್ವಯಿಸಿ ತೋರಿಸಿದರು. ಇನ್ನು ಲೆಕ್ಕ. ವಿಯೋಜನಾ ಸ್ಥಿರಾಂಕ, ಅಂದರೆ ಅರ್ಧದಷ್ಟು ತುಣುಕು ಹಿಡಿತದಲ್ಲಿರುವಾಗ ಬಿಡಿಯಾಗಿ ಉಳಿದ ಎಂಡಿಎಂ2 ಸಾಂದ್ರತೆ, 100 ನ್ಯಾನೊಮೋಲಾರ್ ಎಂದಿಟ್ಟುಕೊಳ್ಳಿ. ಬಣ್ಣದ ತುಣುಕು 5 ನ್ಯಾನೊಮೋಲಾರ್ ಇದ್ದರೆ, ಅರ್ಧದಷ್ಟು ತುಣುಕನ್ನು ಹಿಡಿಯಲು ಹಾಕಬೇಕಾದ ಎಂಡಿಎಂ2 ಒಟ್ಟು 102.5, ಗೆರೆ ನಿಜವನ್ನೇ ಹೇಳಿತು. ತುಣುಕು 2,000 ಇದ್ದರೆ ಅದೇ ಬಿಂದು 1,100ಕ್ಕೆ ಜಿಗಿಯುತ್ತದೆ. ಆಗ ಗೆರೆ ಹೆಚ್ಚುಕಡಿಮೆ ನೆಟ್ಟಗೆ ಏರಿ ಒಮ್ಮೆಲೇ ಬಾಗುತ್ತದೆ. ಎಷ್ಟಕ್ಕೆ ಎಷ್ಟು ಸೇರುತ್ತದೆ ಎಂಬುದು ಅದರಿಂದ ತಿಳಿದೀತು, ಹಿಡಿತದ ಬಿಗಿ ತಿಳಿಯದು.

ತುಣುಕನ್ನು ಹಿಡಿದು ಖರ್ಚಾದ ಎಂಡಿಎಂ2ವನ್ನೂ ಲೆಕ್ಕಕ್ಕೆ ತರುವ ವರ್ಗಸಮೀಕರಣ ಹೂಡಿದರೆ ಇದೆಲ್ಲ ಸರಿಹೋಗುತ್ತದಲ್ಲ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ತುಣುಕು ಸ್ಥಿರಾಂಕದ 20 ಪಟ್ಟಿದ್ದಾಗ, ಸ್ಥಿರಾಂಕ 100 ಇದ್ದರೂ 50 ಇದ್ದರೂ ಗೆರೆ ಬಹುತೇಕ ಒಂದೇ ತೆರನಾಗಿರುತ್ತದೆ. ದತ್ತಾಂಶದಲ್ಲಿ ಇಲ್ಲದ್ದನ್ನು ಯಾವ ಸಮೀಕರಣವೂ ಹೊರತೆಗೆಯಲಾರದು. ಬಣ್ಣವೇ ಎಂಡಿಎಂ2ಗೆ ಅಂಟಿಕೊಂಡಿದ್ದರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬಣ್ಣ ಕಟ್ಟದ ತುಣುಕನ್ನು ಅದೇ ಕ್ಯುವೆಟ್ಟಿಗೆ ಸುರಿದಾಗ ಅನೈಸೋಟ್ರೊಪಿ ಕೆಳಗಿಳಿದರೆ, ಹಿಡಿತ ತುಣುಕಿನದು. ಇಳಿಯದಿದ್ದರೆ ಅನುಮಾನ ನ್ಯಾಯವೇ. ಈ ಪರೀಕ್ಷೆ ಕಾಣಿಸದ ಪ್ರಬಂಧವನ್ನು ನಾನು ಅರ್ಧ ಪ್ರಬಂಧವೆಂದೇ ಎಣಿಸುತ್ತೇನೆ.

ಬಣ್ಣವೇ ಬೇಡ ಎನ್ನುವವರಿಗೂ ದಾರಿಯಿದೆ. ಪ್ರೋಟೀನಿನ ಟ್ರಿಪ್ಟೊಫ್ಯಾನ್ ತಾನೇ ಹೊಳೆಯುತ್ತದೆ: ನೀರಿಗೆ ತೆರೆದುಕೊಂಡಾಗ ಸುಮಾರು 350 ನ್ಯಾನೊಮೀಟರಿನಲ್ಲಿ, ಒಳಗೆ ಹುದುಗಿದಾಗ ಇನ್ನೂ ಕಡಿಮೆ ತರಂಗಾಂತರದಲ್ಲಿ. ಎಂಡಿಎಂ2 ಹಿಡಿದಾಗ ಪಿ53ರ 23ನೆಯ ಸ್ಥಾನದ ಟ್ರಿಪ್ಟೊಫ್ಯಾನ್ ಹೀಗೆಯೇ ಒಂದು ಕುಳಿಯೊಳಗೆ ಹುದುಗುತ್ತದೆ. ಇಲ್ಲಿ ಮಾತ್ರ ಬಫರಿನ ರೋಹಿತವನ್ನು ಕಳೆದಿದ್ದಾರೆಯೇ ನೋಡಿ. 280ರಲ್ಲಿ ಬೆಳಗಿದಾಗ 310ರ ಆಸುಪಾಸಿನಲ್ಲಿ ಏಳುವ ಪುಟ್ಟ ದಿಬ್ಬ ಪ್ರೋಟೀನಿನದಲ್ಲ. ಅದು ನೀರಿನ ರಾಮನ್ ಚದುರುವಿಕೆ.