‘ಭೃತ್ಯ’ ಶಬ್ದದ ಅರ್ಥವಿಚಾರ

ಪಂಚಾಚಾರಗಳಲ್ಲೊಂದಾದ ಭೃತ್ಯಾಚಾರವನ್ನು ವಿವರಿಸುವಾಗ ‘ವಿನಯ’ ಎಂಬ ಒಂದೇ ಮಾತಿನಿಂದ ತೃಪ್ತರಾಗುವುದುಂಟು. ಆದರೆ ವಿನಯವು ಆ ಆಚಾರದ ಫಲವೇ ಹೊರತು ಅದರ ಪೂರ್ಣಾರ್ಥವಲ್ಲ.

ಸಂಸ್ಕೃತದ ‘ಭೃ’ ಧಾತುವಿಗೆ ಹೊರು, ಪೋಷಿಸು ಎಂಬ ಅರ್ಥಗಳಿವೆ. ‘ಭೃತಿ’ಯೆಂದರೆ ಕೂಲಿ, ‘ಭೃತ್ಯ’ನೆಂದರೆ ಒಡೆಯನಿಂದ ಪೋಷಿಸಲ್ಪಡತಕ್ಕವನು. ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ‘ಆಳು’. ಇದೇ ರೂಪವು ಕ್ರಿಯಾಪದವಾದಾಗ ಒಡೆತನವನ್ನು ಸೂಚಿಸುತ್ತದೆ. ಹಳಗನ್ನಡದಲ್ಲಿ ಒಡೆಯನು ‘ಆಳ್ದಂ’. ನುಡಿಯಲ್ಲಿ ಇಷ್ಟು ಹತ್ತಿರವಿರುವ ಆಳ್ದನೂ ಆಳೂ ಲೋಕವ್ಯವಹಾರದಲ್ಲಿ ಬಹುದೂರ. ಶರಣರು ಈ ದೂರವನ್ನು ಅಳಿಸಿದರು.

ಇದಕ್ಕೆ ನುಲಿಯ ಚಂದಯ್ಯನ ಪ್ರಸಂಗವೇ ಉತ್ತಮ ನಿದರ್ಶನ. ಆತನ ಐಕ್ಯಸ್ಥಳವು ಹೊಳಲ್ಕೆರೆ ತಾಲ್ಲೂಕಿನ ನುಲೇನೂರೆಂಬುದು ಪರಂಪರಾಗತ ನಂಬಿಕೆ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಈತನ ಕಥೆ ವಿಸ್ತಾರವಾಗಿ ಬಂದಿದೆ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ನೀರಿಗೆ ಜಾರುತ್ತದೆ. ಚಂದಯ್ಯ ಕಾಯಕವನ್ನು ಬಿಡುವುದಿಲ್ಲ. ಲಿಂಗವೇ ಬೆನ್ನಹತ್ತಿ ಬಂದಾಗ ಅದನ್ನು ಕಾಯಕಕ್ಕೆ ಹಚ್ಚುತ್ತಾನೆ. ಹಗ್ಗ ಮಾರಲು ಹೋದ ಲಿಂಗವು ಬಸವಣ್ಣನಿಂದ ಬೆಲೆಗೆ ಮೀರಿದ ಹೊನ್ನನ್ನು ತಂದಾಗ ಆತನು ಒಪ್ಪುವುದಿಲ್ಲ.

ಇಲ್ಲಿ ದೇವನನ್ನು ಕೀಳುಮಾಡುವ ಉದ್ದೇಶವಿಲ್ಲ. ದೇವನೇ ಕೆಲಸದಲ್ಲಿ ಕೈಜೋಡಿಸಿದ ಮೇಲೆ ನೆರವಿನ ಕೆಲಸಕ್ಕೆ ಕೀಳೆಂಬ ಹೆಸರು ಉಳಿಯದು. ಹಾಗೆಯೇ ನೆರವಾದವನು ಅನರ್ಹವಾದುದನ್ನು ತರುವಂತೆಯೂ ಇಲ್ಲ. ಘನತೆ, ಹೊಣೆ ಇವೆರಡೂ ಕೂಡಿದರೆ ಭೃತ್ಯತ್ವ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಬಯಲುಸೀಮೆಯ ಬೇಸಾಯಗಾರರಿಗೆ ಈ ಭಾವ ಅಪರಿಚಿತವಲ್ಲ. ರಾಗಿಯ ಕೊಯ್ಲಿಗೆ ಇಂದು ಇವನ ಹೊಲಕ್ಕೆ ಅವನು, ನಾಳೆ ಅವನ ಹೊಲಕ್ಕೆ ಇವನು ಹೋಗುವ ಪದ್ಧತಿಯಲ್ಲಿ ನೆರವಿಗೆ ಬಂದವನು ‘ಮುಯ್ಯಾಳು’. ಅವನು ಆಳು ಹೌದು, ಆದರೆ ಅವನಿಗೆ ಆಳ್ದನಿಲ್ಲ. ಮುಯ್ಯಿಯಲ್ಲಿ ಮರಳಿ ಪಡೆಯುವ ಲೆಕ್ಕವುಂಟು, ಭೃತ್ಯಾಚಾರದಲ್ಲಿ ಆ ಲೆಕ್ಕವೂ ಇಲ್ಲವೆಂಬುದಷ್ಟೇ ಭೇದ.

ಭೃತ್ಯನೆಂಬುದು ಶರಣನು ತನಗೆ ತಾನೇ ಇಟ್ಟುಕೊಂಡ ಹೆಸರು. ಪರರ ಮೇಲೆ ಹೊರಿಸತಕ್ಕ ಹೆಸರಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತು, ಎಂಜಲೆಲೆ ಎತ್ತುವವನನ್ನು ಮಾತ್ರ ಭೃತ್ಯನೆಂದು ಬಗೆದರೆ ಶಬ್ದವು ಉಳಿದೀತು, ಆಚಾರವು ಉಳಿಯದು. ಎಲೆಯೆತ್ತಲು ತಾನೂ ಬಾಗಿದಾಗಲೇ ಆ ಶಬ್ದಕ್ಕೆ ಶರಣರು ತುಂಬಿದ ಅರ್ಥವು ತಿಳಿಯುತ್ತದೆ.